ಅಳು ಕಾಣಿಸುವ ದೀಪಗಳು

ರೂಸೆ
ಮೇ ೧೪, ೨೦೨೪

ಅಪ್ಪಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ದೀಪದ ವಿಷಯ. ಈ ಮನೆಯ ದೀಪಗಳು ನನ್ನ ತಲೆ ಕೆಡಿಸಿಬಿಟ್ಟಿವೆ. ನಲವತ್ತು ವರ್ಷ ಮನೆಮನೆಗೆ ಕರೆಂಟಿನ ತಂತಿ ಎಳೆದ ನೀನು ಎರಡು ಗಂಟೆಯ ಬಸ್ ದಾರಿಯಾಚೆ ಕೂತು ದ್ರಾಕ್ಷಿ ಬಳ್ಳಿಗೆ ಔಷಧಿ ಹೊಡೆಯುತ್ತಿದ್ದೀಯೆ.

ಮರೆತಿದ್ದರೆ ನೆನಪಿಸುತ್ತೇನೆ. ನಿನ್ನ ಮಗಳಿಗೆ ಕಿವಿ ಕೇಳುವುದಿಲ್ಲ, ನಿನ್ನ ಅಳಿಯ ಸ್ವಿಲೆನ್‌ಗೂ ಕೇಳುವುದಿಲ್ಲ. ನಾಲ್ಕು ತಿಂಗಳ ಬಿಸೆರಾ ಅತ್ತರೆ ನಮಗೆ ತಿಳಿಯುವುದು ದೀಪದಿಂದ. ತೊಟ್ಟಿಲ ಪಕ್ಕ ಅಂಗೈಯಗಲದ ಒಂದು ಯಂತ್ರ ಇದೆ, ಅದು ಅಳು ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡು ಹಜಾರದಲ್ಲಿರುವ ಬಿಳಿ ಡಬ್ಬಿಗೆ ತಿಳಿಸುತ್ತದೆ. ಡಬ್ಬಿ ಆರು ಸ್ಮಾರ್ಟ್ ಸ್ವಿಚ್ಚುಗಳಿಗೂ ಹೇಳುತ್ತದೆ. ಆಗ ಮನೆಯ ದೀಪಗಳೆಲ್ಲ ಮೂರು ಮೂರು ಸಲ ಮಿಟುಕುತ್ತವೆ. ಬಾಗಿಲ ಬೆಲ್ ಒತ್ತಿದರೆ ಎರಡೆರಡು ಸಲ. ಇದನ್ನು ಹಾಕಿಸಿದ ದಿನ ನಾನೂ ಸ್ವಿಲೆನ್ನೂ ಅಡುಗೆಮನೆಯಲ್ಲಿ ಕುಣಿದೆವು.

ಈಗ ಏನಾಗಿದೆ ಅಂದರೆ, ಮಗು ತಣ್ಣಗೆ ಮಲಗಿರುವಾಗ ದೀಪ ಒಂದು ಸಲ ಪಕ್ಕನೆ ಆರಿ ಹತ್ತುತ್ತದೆ. ನಾನು ಎದ್ದುಬಿದ್ದು ಓಡುತ್ತೇನೆ, ಏನೂ ಇರುವುದಿಲ್ಲ. ಅದಾದ ಮೇಲೆ ಮಗು ನಿಜವಾಗಿ ಅತ್ತರೆ ಮನೆ ತೆಪ್ಪಗಿರುತ್ತದೆ. ಮೊಬೈಲ್ ತೆಗೆದು ನೋಡಿದರೆ ಆರೂ ಸ್ವಿಚ್ಚಿನ ಎದುರು ‘ಸಂಪರ್ಕವಿಲ್ಲ’ ಅಂತ ಕೆಂಪು ಅಕ್ಷರ. ಏಳೆಂಟು ನಿಮಿಷ ಬಿಟ್ಟು ತಾನಾಗಿಯೇ ಸರಿಹೋಗುತ್ತದೆ, ಏನೂ ಆಗೇ ಇಲ್ಲ ಅನ್ನುವ ಹಾಗೆ. ನಿನ್ನ ಹಾಗೇ.

ಅತ್ತೆ ಝಿವ್ಕಾ ವಾರಕ್ಕೆರಡು ಸಲ ಹಳ್ಳಿಯಿಂದ ಬರುತ್ತಾರೆ. ಮನೆ ಅವರದೇ, ನಮಗೆ ಬಿಟ್ಟುಕೊಟ್ಟು ತಂಗಿಯ ಜೊತೆ ಇದ್ದಾರೆ. ಮೊನ್ನೆ ಭಾನುವಾರ ಅವರ ಕಣ್ಣೆದುರೇ ದೀಪ ಕೈಕೊಟ್ಟಿತು. ಮಗುವನ್ನು ಸಮಾಧಾನ ಮಾಡಿ ಮಲಗಿಸಿ ನನ್ನೆದುರು ಬಂದು ನಿಂತರು. “ಇನ್ನೊಂದ್ಸಲ ಹೀಗಾದ್ರೆ ಮಗೂನ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ಎರಡು ವರ್ಷ ತುಂಬೋ ತನಕ ನನ್ನ ಹತ್ರಾನೇ ಇರ್ಲಿ,” ಎಂದು ಕೈಯಲ್ಲಿ ಹೇಳಿದರು. ಸ್ವಿಲೆನ್ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ನನ್ನ ಮಗು ನನ್ನ ಮನೆಯಲ್ಲಿರಬೇಕು. ಅದಕ್ಕೆ ಈ ದೀಪ ಸರಿಯಾಗಬೇಕು. ಬಾ ಅಂದರೆ ಬರುವವನಲ್ಲ ನೀನು, ಜನವರಿಯಿಂದ ಕರೆಯುತ್ತಿದ್ದೇನೆ. ಬರೆದಾದರೂ ಹೇಳು. ಆರನೇ ವಯಸ್ಸಿಗೆ ನನ್ನನ್ನು ಬೋರ್ಡಿಂಗ್ ಶಾಲೆಗೆ ಹಾಕಿದಾಗಿನಿಂದ ನಾವಿಬ್ಬರೂ ಮಾತಾಡಿರುವುದು ಕಾಗದದಲ್ಲೇ ತಾನೆ. ಒಂದೇ ಮೇಜಿಗೆ ಎದುರುಬದುರು ಕೂತರೂ ಚೀಟಿ ಬರೆಯುತ್ತೀಯೆ. ನಿನ್ನ ಆ ಮೀಸೆಯ ಕೆಳಗೆ ತುಟಿ ಓದಲು ನನಗೆ ಇವತ್ತಿಗೂ ಆಗಿಲ್ಲ.

ಸಿಟ್ಟಿನಲ್ಲಿರುವ
ಯಾನಿತ್ಸಾ


ಸ್ವಿಶ್ಟೊವ್
ಮೇ ೨೩

ಮಗಳೇ,

ಕಾಗದ ಸೇರಿತು. ಬೆಳಗಿನ ಹೊತ್ತು ಇಷ್ಟು ಬೈಗುಳ ಓದಿದರೆ ಕಾಫಿಯೂ ಇಳಿಯುವುದಿಲ್ಲ ಗಂಟಲಲ್ಲಿ.

ಸ್ವಿಚ್ಚಿಗೆ ಬುದ್ಧಿ ಯಾಕೆ ಬೇಕು ಅಂತ ನನಗೆ ಯಾರಾದರೂ ಹೇಳಲಿ. ಒತ್ತಿದರೆ ಹತ್ತಬೇಕು, ಮತ್ತೆ ಒತ್ತಿದರೆ ಆರಬೇಕು. ಗಾಳಿಯಲ್ಲಿ ಪಿಸುಗುಟ್ಟುವ ಸ್ವಿಚ್ಚನ್ನು ನಂಬಿ ಮಗು ಮಲಗಿಸಿದ್ದೀರಲ್ಲ, ನಿಮಗೆ ಏನು ಹೇಳಲಿ. ಇರಲಿ. ಕೇಳಿದ್ದೀಯೆ, ಹೇಳುತ್ತೇನೆ.

ನಿಮ್ಮ ಬ್ಲಾಕಿನ ಕಾಲದ ಫ್ಲ್ಯಾಟುಗಳಲ್ಲಿ ಸ್ವಿಚ್ಚಿಗೆ ಬರುವುದು ಎರಡೇ ತಂತಿ. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿ ಅಲ್ಲಿಗೆ ಬರುವುದಿಲ್ಲ, ನೇರ ದೀಪಕ್ಕೆ ಹೋಗುತ್ತದೆ. ಹಾಗಾಗಿ ನಿನ್ನ ಬುದ್ಧಿವಂತ ಸ್ವಿಚ್ಚು ತನ್ನ ಹೊಟ್ಟೆಗೆ ಬೇಕಾದ್ದನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳಬೇಕು. ಎಲ್‌ಇಡಿ ಬಲ್ಬು ಇರುವೆ ತಿಂದಷ್ಟು ತಿನ್ನುತ್ತದೆ, ಅದರಿಂದ ಇದಕ್ಕೆ ಏನು ದಕ್ಕೀತು? ಒಂದು ಕೋಣೆಯಲ್ಲಿ ಹಳೆಯ ತಂತಿಬಲ್ಬು ಹಾಕಿ ಮೂರು ದಿನ ನೋಡು. ಮೇನ್ ಆರಿಸಿ ಸ್ವಿಚ್ಚುಗಳ ಸ್ಕ್ರೂ ಬಿಗಿ ಮಾಡು. ಆ ಡಬ್ಬಿ ಫ್ರಿಜ್ ಹತ್ತಿರ ಇದ್ದರೆ ದೂರ ಇಡು.

ಝಿವ್ಕಾಗೆ ಹೇಳು, ಮೊಮ್ಮಗಳೇನು ಸಂತೆಯಿಂದ ತಂದ ಕುಂಬಳಕಾಯಿಯಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಲು. ಬೀಗಿತ್ತಿ ಅಂದರೆ ಬೀಗಿತ್ತಿಯ ಹಾಗಿರಲಿ.

ಬರುವ ವಿಷಯ: ಬಳ್ಳಿಗೆ ಬೂದಿ ರೋಗ ಬಿದ್ದಿದೆ, ನನ್ನ ಸೊಂಟವೂ ಸರಿಯಿಲ್ಲ.

ನಿನ್ನ ಅಪ್ಪ
ಗಂಚೊ


ರೂಸೆ
ಜೂನ್ ೫

ಅಪ್ಪಾ,

ತಂತಿಬಲ್ಬು ಹಾಕಿದೆ. ಅದು ಒಲೆಯ ಹಾಗೆ ಕಾಯಿತು, ಅಷ್ಟೇ. ಸ್ಕ್ರೂ ಬಿಗಿ ಮಾಡಿದೆ. ಡಬ್ಬಿಯನ್ನು ಹಜಾರದ ಫ್ರಿಜ್ಜಿನ ಪಕ್ಕದಿಂದ ಕಿತ್ತು ಪುಸ್ತಕದ ಕಪಾಟಿನ ಮೇಲಿಟ್ಟೆ. ಸ್ವಿಲೆನ್ ಎಲ್ಲವನ್ನೂ ಅಳಿಸಿ ಮೊದಲಿನಿಂದ ಜೋಡಿಸಿದ, ಒಂದು ಭಾನುವಾರ ಪೂರ್ತಿ ಹೋಯಿತು. ಮಾರನೆಯ ದಿನ ಸಂಜೆ ಐದಕ್ಕೆ ದೀಪ ಪಕ್ಕನೆ ಆರಿ ಹತ್ತಿತು, ಆರೂ ಸ್ವಿಚ್ಚು ಕೆಂಪು.

ಸ್ವಿಚ್ಚು ಮಾರಿದ ಅಂಗಡಿಯಿಂದ ಒಬ್ಬ ರಿಪೇರಿಯವನು ಬಂದ. ಬಂದವನು ನನಗೆ ಬೆನ್ನು ಹಾಕಿ ಅತ್ತೆಯ ಹತ್ತಿರ ಮಾತಾಡಿದ. ಅವನ ಕುತ್ತಿಗೆಯ ಹಿಂದೆ ಒಂದು ನರೂಲಿ ಇದೆ, ನನಗೆ ಅವನ ಬಗ್ಗೆ ಗೊತ್ತಿರುವುದು ಅಷ್ಟೇ. ಅವನು ಆಡಿದ್ದನ್ನೆಲ್ಲ ಅತ್ತೆ ಒಂದಕ್ಷರ ಬಿಡದೆ ಕೈಯಲ್ಲಿ ನನಗೆ ಹೇಳಿದರು. “ಈಯಮ್ಮಂಗೆ ಕೇಳ್ಸಲ್ವಾ? ಹಾಗಾದ್ರೆ ಇಷ್ಟೆಲ್ಲ ಯಾಕೆ ಹಾಕ್ಸಿದ್ರಿ, ಒಬ್ಬ ಆಯಾನ ಇಟ್ಕೋಬಹುದಿತ್ತಲ್ಲ.” ಇದನ್ನೂ ಹೇಳಿದರು, ಹೇಳುವಾಗ ಅವರ ಮುಖವೂ ಕೆಂಪಗಾಗಿತ್ತು. ಆಮೇಲೆ ಅವನ ಕಡೆ ತಿರುಗಿ ಏನೋ ಅಂದರು. ಅವನು ಚಹಾ ಅರ್ಧಕ್ಕೇ ಬಿಟ್ಟು ಹೊರಟ. ‘ಎಲ್ಲ ಸರಿಯಿದೆ’ ಎಂದು ಚೀಟಿ ಬರೆದಿಟ್ಟು ಹೋಗಿದ್ದಾನೆ.

ನೀನು ಅತ್ತೆಯನ್ನು ಬೈಯುವುದಕ್ಕೆ ಮುಂಚೆ ಒಂದು ವಿಷಯ ತಿಳಿದುಕೋ. ಅವರು ನನ್ನನ್ನು ಬೈಯುವುದು ನನ್ನ ಭಾಷೆಯಲ್ಲಿ. ಮಗನಿಗೆ ಕೇಳುವುದಿಲ್ಲ ಎಂದು ಗೊತ್ತಾದ ವರ್ಷವೇ ಕಿವುಡರ ಸಂಘಕ್ಕೆ ಹೋಗಿ ಕೈಭಾಷೆ ಕಲಿತ ಹೆಂಗಸು ಅದು. “ಸ್ವಿಲೆನ್ ಮೂರು ವರ್ಷದವನಿದ್ದಾಗ ಕುದಿಯೋ ನೀರು ಮೈಮೇಲೆ ಎಳ್ಕೊಂಡ. ನಾನು ಕೆಳಗಿನ ಮನೇಲಿದ್ದೆ, ಕಿರುಚಿದ್ದು ಕೇಳಿ ಓಡ್ಬಂದೆ. ನೀನಾಗಿದ್ರೆ?” ಅಂತ ಕೇಳಿದರು. ಕಿವುಡರ ಮುಂದೆ ಕಿನ್ನರಿ ನುಡಿಸಿದ ಹಾಗೆ ಅನ್ನುತ್ತಾರಲ್ಲ, ನನ್ನ ಬಾಳಿನಲ್ಲಿ ಕಿವಿ ಕೇಳುವ ಅಪ್ಪನ ಮುಂದೆ ಮೂವತ್ತೆರಡು ವರ್ಷದಿಂದ ಕಿನ್ನರಿ ನುಡಿಸಿದ್ದು ನಾನು.

ಬೇರೆ ಉಪಾಯ ಇದ್ದರೆ ಬರೆ.

ಯಾನಿತ್ಸಾ


ಸ್ವಿಶ್ಟೊವ್
ಜೂನ್ ೧೪

ಯಾನಿತ್ಸಾ,

ನಿನಗೆ ಒಂದೂವರೆ ವರ್ಷ ಆಗಿದ್ದಾಗ ಡಾಕ್ಟರು ನನ್ನನ್ನೂ ನಿನ್ನ ಅಮ್ಮನನ್ನೂ ಕೂರಿಸಿ ಹೇಳಿದರು: “ಕೈಸನ್ನೆ ಮಾಡ್ಬೇಡಿ. ಮಾಡಿದ್ರೆ ಮಗು ಬಾಯಿ ತೆರೆಯೋದೇ ಇಲ್ಲ.” ನಾನು ತಂತಿ ಎಳೆಯುವವನು, ಡಾಕ್ಟರ ಮಾತು ಮೀರಲು ನಾನು ಯಾರು? ಅದನ್ನು ಎಷ್ಟು ಸಲ ಕೆದಕುತ್ತೀಯೆ.

ಆ ರಿಪೇರಿಯವನ ಕೈ ಸೇದಿಹೋಗಲಿ. ಟೆಸ್ಟರ್ ಕೂಡ ಹಚ್ಚದೆ ಎಲ್ಲ ಸರಿಯಿದೆ ಅಂದನಲ್ಲ.

ಒಂದು ನೋಟ್‌ಬುಕ್ ಇಡು. ದೀಪ ಆರಿ ಹತ್ತಿದಾಗಲೆಲ್ಲ ದಿನ, ಗಂಟೆ, ಆಗ ಮನೆಯಲ್ಲಿ ಏನೇನು ಓಡುತ್ತಿತ್ತು ಎಂದು ಬರೆ. ಗೀಸರ್, ಬಟ್ಟೆ ಯಂತ್ರ, ಇಸ್ತ್ರಿಪೆಟ್ಟಿಗೆ, ಒಲೆ, ಒಂದೂ ಬಿಡಬೇಡ. ಮೂರು ವಾರ ಬರೆದು ಕಳಿಸು. ಕೆಟ್ಟದ್ದು ಸುಮ್ಮನೆ ಕೆಡುವುದಿಲ್ಲ, ಅದಕ್ಕೊಂದು ಹೊತ್ತು ಇರುತ್ತದೆ.

ಅಪ್ಪ


ರೂಸೆ
ಜುಲೈ ೯

ಅಪ್ಪಾ,

ನೋಟ್‌ಬುಕ್ಕಿನ ಹಾಳೆಗಳನ್ನು ಹರಿದು ಇದರ ಜೊತೆಗೇ ಇಟ್ಟಿದ್ದೇನೆ. ಮೂರು ವಾರದಲ್ಲಿ ಹದಿನೇಳು ಸಲ. ಅದರಲ್ಲಿ ಹದಿನೈದು ಸಲ ಗೀಸರ್ ಓಡುತ್ತಿತ್ತು. ಗೀಸರಿನ ಜೊತೆ ಒಲೆಯೋ ಇಸ್ತ್ರಿಯೋ ಹಾಕಿದ್ದರೆ ತಪ್ಪುವುದೇ ಇಲ್ಲ, ಹತ್ತು ನಿಮಿಷದೊಳಗೆ ದೀಪ ಪಕ್ಕ್ ಅನ್ನುತ್ತದೆ. ಸ್ವಿಚ್ಚಿನದ್ದೂ ಅಲ್ಲ, ಡಬ್ಬಿಯದ್ದೂ ಅಲ್ಲ, ಗೋಡೆಯೊಳಗೆ ಏನೋ ಇದೆ. ನಾನೇ ಕಂಡುಹಿಡಿದೆ. ನೀನು ನೋಡಿ ಭಲೇ ಅನ್ನುತ್ತೀಯೆ ಎಂದು ಎರಡು ದಿನದಿಂದ ಹೆಮ್ಮೆಯಲ್ಲಿದ್ದೇನೆ, ಮೂರ್ಖಳ ಹಾಗೆ.

ಹೇಳು, ಅದೇನು? ಎಲ್ಲಿದೆ?

ಡಾಕ್ಟರ ಮಾತು ಎಂದೆಯಲ್ಲ. ಆ ಡಾಕ್ಟರೇ ಸಾರಾಯಿ ಬಿಡು ಅಂದಾಗ ಬಿಟ್ಟೆಯಾ? ಅಮ್ಮನಿಗೂ ಅವರೇ ಹೇಳಿದ್ದು. ನೀನು ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ಪರದೆ ಎಳೆದು ನನ್ನ ಜೊತೆ ಕೈಯಲ್ಲಿ ಮಾತಾಡುತ್ತಿದ್ದಳು, ಕದ್ದು. ರೊಟ್ಟಿ, ಬೆಕ್ಕು, ನಾಳೆ, ನನ್ನ ಚಿನ್ನ. ನಾಲ್ಕೇ ಮಾತು ಬರುತ್ತಿದ್ದದ್ದು ಅವಳಿಗೆ. ಅಷ್ಟರಲ್ಲೇ ನಾನು ಬದುಕಿದೆ.

ಬೇಗ ಬರೆ. ಅತ್ತೆ ಈಗ ವಾರಕ್ಕೆ ನಾಲ್ಕು ಸಲ ಬರುತ್ತಿದ್ದಾರೆ.

ಯಾನಿತ್ಸಾ


ಸ್ವಿಶ್ಟೊವ್
ಜುಲೈ ೨೨

ಯಾನಿತ್ಸಾ,

ಹಾಳೆಗಳನ್ನು ನೋಡಿದೆ. ಅದರಿಂದ ಏನೂ ಹೇಳಲಾಗುವುದಿಲ್ಲ. ಹಳೆಯ ಮನೆ, ನೂರು ಕಾರಣ ಇರುತ್ತವೆ.

ಆ ಸ್ವಿಚ್ಚುಗಳನ್ನೆಲ್ಲ ಕಿತ್ತು ಹಳೆಯದನ್ನೇ ಹಾಕಿಸು. ಗೀಸರ್ ಹಾಕಿದಾಗ ಬೇರೆ ಯಾವುದನ್ನೂ ಹಾಕಬೇಡ. ಯಾಕೆ ಎಂದು ಕೇಳಬೇಡ, ಹೇಳಿದಷ್ಟು ಮಾಡು. ಬೇರೆ ರಿಪೇರಿಯವನನ್ನು ಕರೆಸಿ ಗೋಡೆ ಒಡೆಸುವುದೂ ಬೇಡ. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ನೋಡೋಣ.

ಝಿವ್ಕಾ ಮಗುವನ್ನು ಸ್ವಲ್ಪ ದಿನ ಇಟ್ಟುಕೊಂಡರೆ ಆಕಾಶ ಕಳಚಿ ಬೀಳುವುದಿಲ್ಲ. ನಿನ್ನನ್ನೂ ನಾವು ಆರು ವರ್ಷಕ್ಕೇ ಬಿಟ್ಟಿರಲಿಲ್ಲವೇ? ಚೆನ್ನಾಗಿಯೇ ಬೆಳೆದೆ.

ಅಪ್ಪ


ರೂಸೆ
ಆಗಸ್ಟ್ ೧

ಗಂಚೊ ಅವರಿಗೆ,

ಬೋರ್ಡಿಂಗ್ ಶಾಲೆಯ ಮೊದಲನೇ ವರ್ಷ ನಾನು ಪ್ರತಿ ಶುಕ್ರವಾರ ಕೋಟು ಹಾಕಿಕೊಂಡು ಕಿಟಕಿಯ ಹತ್ತಿರ ಕೂರುತ್ತಿದ್ದೆ. ಯಾರೂ ಬರುವುದಿಲ್ಲ, ತಿಂಗಳಿಗೊಂದೇ ಸಲ ಎಂದು ಯಾರೋ ಬಾಯಲ್ಲಿ ಹೇಳಿರಬೇಕು, ನನಗೆ ಅದು ತಿಳಿದಿರಲಿಲ್ಲ. ತರಗತಿಯಲ್ಲಿ ಕೈಯಾಡಿಸಿದರೆ ಸ್ಕೇಲಿನಿಂದ ಬೆರಳಿನ ಗಂಟಿಗೆ ಬೀಳುತ್ತಿತ್ತು. ಇದು ನೀವು ಹೇಳುವ ಚೆನ್ನಾಗಿ ಬೆಳೆದದ್ದು.

ನನ್ನ ಮಗುವನ್ನೂ ಹಾಗೆ ಬಿಡು ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು? ಇನ್ನು ನನಗೆ ಬರೆಯಬೇಡಿ.

ಯಾನಿತ್ಸಾ


ರೂಸೆ
ಸೆಪ್ಟೆಂಬರ್ ೧೬

ಅಪ್ಪಾ,

ಬರೆಯಬೇಡ ಅಂದವಳು ನಾನೇ ಬರೆಯುತ್ತಿದ್ದೇನೆ. ಮಗು ಮನೆಯಲ್ಲಿಲ್ಲ. ಮೂರು ದಿನವಾಯಿತು.

ಶುಕ್ರವಾರ ಮೆಣಸಿನಕಾಯಿ ಸುಡುತ್ತಿದ್ದೆ. ನಿನಗೆ ಗೊತ್ತಲ್ಲ ಈ ತಿಂಗಳು ಊರಿಗೆ ಊರೇ ಅದರ ವಾಸನೆ. ಚಳಿಗಾಲಕ್ಕೆ ತುಂಬಿಡಲು ಇಪ್ಪತ್ತು ಕಿಲೋ ದಪ್ಪ ಕೆಂಪು ಮೆಣಸಿನಕಾಯಿ, ಬಾಲ್ಕನಿಯಲ್ಲಿ ಸುಡುವ ಕರೆಂಟಿನ ಒಲೆ, ಸ್ಟೂಲಿನ ಮೇಲೆ ನಾನು. ಮಗುವಿಗೆ ಹಾಲು ಕುಡಿಸಿ ಮಲಗಿಸಿದ್ದೆ. ಸಿಪ್ಪೆ ಸುಲಿದು ಕೈಯೆಲ್ಲ ಮಸಿ, ತೊಳೆಯಲು ಬಿಸಿನೀರು ಬೇಕು ಎಂದು ಗೀಸರ್ ಹಾಕಿದೆ. ನೀನು ಹೇಳಿದ್ದು ನೆನಪಿತ್ತು. ಯಾಕೆ ಎಂದು ಕೇಳಬೇಡ ಎಂದೆಯಲ್ಲ, ಅದೇ ಸಿಟ್ಟಿಗೆ ಹಾಕಿದೆ.

ಪ್ರತಿ ಐದು ನಿಮಿಷಕ್ಕೆ ತಿರುಗಿ ಅಡುಗೆಮನೆಯ ದೀಪ ನೋಡುತ್ತಿದ್ದೆ. ಅದು ಸುಮ್ಮನೆ ಉರಿಯುತ್ತಿತ್ತು. ಸುಮ್ಮನೆ ಉರಿದರೆ ಮಗು ಮಲಗಿದೆ ಎಂದು ಅರ್ಥ.

ಬಿಸೆರಾ ಎದ್ದು ತೊಟ್ಟಿಲ ಕಂಬಿಯೊಳಗೆ ಕಾಲು ತೂರಿಸಿಕೊಂಡು ಸಿಕ್ಕಿಹಾಕಿಕೊಂಡಿದ್ದಳು. ಕಿರುಚುತ್ತಿದ್ದಳು. ಅತ್ತೆ ಮೂರನೇ ಮಹಡಿಯ ಮೆಟ್ಟಿಲಲ್ಲೇ ಅದನ್ನು ಕೇಳಿದರಂತೆ. ಓಡಿ ಬಂದು ಬೆಲ್ ಒತ್ತಿದರು. ದೀಪ ಮಿಟುಕಲಿಲ್ಲ. ಅವರ ಹತ್ತಿರ ಕೀಲಿಕೈ ಇದೆ, ಆದರೆ ನನ್ನದು ಒಳಗಿನಿಂದ ಬೀಗದಲ್ಲೇ ಇತ್ತು, ಅವರದು ತಿರುಗಲಿಲ್ಲ. ಬಾಗಿಲು ಗುದ್ದಿದರು. ಯಾರಿಗೆ ಗುದ್ದುವುದು? ಹೊರಗೆ ನಿಂತು ಮೊಮ್ಮಗಳು ಅಳುವುದನ್ನು ಹನ್ನೊಂದು ನಿಮಿಷ ಕೇಳಿದ್ದಾರೆ. ಕೊನೆಗೆ ಕೆಳಗಿಳಿದು ಅಂಗಳಕ್ಕೆ ಹೋಗಿ ನನ್ನ ಬಾಲ್ಕನಿಗೆ ಕಲ್ಲು ಎಸೆದರು. ಒಂದು ಕಲ್ಲು ಮೆಣಸಿನಕಾಯಿ ಬೋಗುಣಿಗೆ ಬಿತ್ತು. ಬಗ್ಗಿ ನೋಡಿದೆ. ಅರವತ್ತೇಳು ವರ್ಷದ ಹೆಂಗಸು ಅಂಗಳದ ನಡುವೆ ನಿಂತು ಎರಡೂ ಕೈಯೆತ್ತಿ ಮಗು, ಮಗು, ಮಗು ಎನ್ನುತ್ತಿದ್ದಳು.

ಕಾಲಿಗೆ ಏನೂ ಆಗಿಲ್ಲ, ಊದಿತ್ತು ಅಷ್ಟೇ. ಆದರೆ ನಾನು ಎತ್ತಿಕೊಂಡಾಗ ಅಳಲು ಅವಳಲ್ಲಿ ಶಕ್ತಿ ಇರಲಿಲ್ಲ. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಗುವಿನ ಬಟ್ಟೆ ಮಡಚಿ ಚೀಲಕ್ಕೆ ಹಾಕಿ, “ನಿನ್ನ ತಪ್ಪಿಲ್ಲಮ್ಮ. ಆದ್ರೆ ನಿನ್ನ ಹತ್ರ ಬಿಡಕ್ಕೆ ನನಗೆ ಧೈರ್ಯ ಇಲ್ಲ,” ಎಂದರು. ನಾನೇ ಕೋಟು ತೊಡಿಸಿ ಕಳಿಸಿದೆ. ತಡೆಯಲು ನನಗೆ ಯಾವ ಮುಖ ಇತ್ತು?

ನಿನ್ನ ಕೊಯ್ಲು ಮುಗಿಯಿತಾ?

ಯಾನಿತ್ಸಾ


ಸ್ವಿಶ್ಟೊವ್
ಸೆಪ್ಟೆಂಬರ್ ೨೦, ಮಧ್ಯಾಹ್ನ

ಮಗಳೇ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ರೂಸೆಯ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ. ಪಕ್ಕದ ಮನೆಯಾಕೆಯಿಂದ ನಿನ್ನ ಮೊಬೈಲಿಗೆ ಬರೆಸಿದ್ದೇನೆ: ಈ ಕ್ಷಣ ಮೇನ್ ಆರಿಸು, ಐದೂವರೆಗೆ ಬಸ್ ನಿಲ್ದಾಣಕ್ಕೆ ಹೋಗು ಎಂದು. ಆರಿಸಿದ್ದೀಯೆ ತಾನೆ? ಈ ಕಾಗದ ಮುಗಿಯುವ ತನಕ ಹಾಕಬೇಡ. ಮುಗಿದ ಮೇಲೂ ಹಾಕಬೇಡ.

ಅದು ಏನು ಅಂತ ನನಗೆ ಗೊತ್ತು. ಎಲ್ಲಿದೆ ಅಂತಲೂ ಗೊತ್ತು. ಹಜಾರದ ಬಾಗಿಲ ಚೌಕಟ್ಟಿನ ಮೇಲೆ, ಎಡಗಡೆಯಿಂದ ಎರಡು ಗೇಣು, ಗಾರೆಯ ಒಳಗೆ. ನಾನೇ ಹಾಕಿದ್ದು.

೧೯೮೬ರ ಬೇಸಿಗೆ. ನಿಮ್ಮ ಬ್ಲಾಕನ್ನು ನಮ್ಮ ಬ್ರಿಗೇಡ್, ಅಂದರೆ ನಮ್ಮ ಕೆಲಸಗಾರರ ತಂಡ, ಕಟ್ಟುತ್ತಿತ್ತು. ಸೆಪ್ಟೆಂಬರ್ ಒಂಬತ್ತರ ಸರ್ಕಾರಿ ಹಬ್ಬಕ್ಕೆ ಮನೆಯವರಿಗೆ ಕೀಲಿಕೈ ಹಂಚಬೇಕು, ಬ್ಯಾಂಡು ಬರುತ್ತದೆ, ಭಾಷಣ ಇದೆ. ಆಗಸ್ಟ್ ಇಪ್ಪತ್ತರ ಹೊತ್ತಿಗೆ ತಂತಿ ಸೇರಿಸುವ ಜಂಕ್ಷನ್ ಡಬ್ಬಗಳು ಮುಗಿದವು, ಉಗ್ರಾಣದಲ್ಲೂ ಇಲ್ಲ. ನಮ್ಮ ಮೇಸ್ತ್ರಿ ಬಂದ. “ಡಬ್ಬ ಇಲ್ದಿದ್ರೆ ಏನೀಗ? ತಿರುಚಿ, ಟೇಪ್ ಸುತ್ತಿ, ಗಾರೆ ಮೆತ್ತಿ. ಕೀಲಿಕೈ ಕೊಡೋ ದಿನ ದೀಪ ಉರಿದ್ರೆ ಸಾಕು,” ಅಂದ. ನಾವು ಇದಕ್ಕೆ ಕುರುಡು ಗಂಟು ಅನ್ನುತ್ತಿದ್ದೆವು. ಮನೆಯ ಎಲ್ಲ ನ್ಯೂಟ್ರಲ್ ತಂತಿಗಳೂ ಸೇರುವ ಗಂಟು ಅದು. ನಕ್ಷೆಯಲ್ಲಿಲ್ಲ, ಹಾಕಿದವನಿಗಷ್ಟೇ ಗೊತ್ತು. ನಿಮ್ಮ ಮೆಟ್ಟಿಲ ಸಾಲಿನಲ್ಲಿ ನಾಲ್ಕನೇ ಮಹಡಿಯಿಂದ ಎಂಟರ ತನಕ ಇಪ್ಪತ್ತು ಮನೆ, ಇಪ್ಪತ್ತೂ ನನ್ನ ಕೈ. ಕೆಲಸ ಹೊತ್ತಿಗೆ ಮುಗಿಸಿದ್ದಕ್ಕೆ ಮೆಚ್ಚುಗೆ ಪತ್ರ ಕೊಟ್ಟರು. ನಮ್ಮ ಮನೆಯ ಗೋಡೆ ಮೇಲೆ ಅದನ್ನು ನೀನು ಎಷ್ಟೋ ಸಲ ಒರೆಸಿದ್ದೀಯೆ.

ಅಲ್ಯೂಮಿನಿಯಂ ತಂತಿ ವರ್ಷ ಕಳೆದ ಹಾಗೆ ಸಡಿಲವಾಗುತ್ತದೆ. ಭಾರ ಬಿದ್ದಾಗ ಗಂಟು ಕಾದು ಅರೆಕ್ಷಣ ಕೈಬಿಡುತ್ತದೆ. ಹಳೆಯ ಬಲ್ಬಿಗೆ ಅದು ಕಣ್ಣು ಮಿಟುಕಿಸಿದಷ್ಟೇ, ಯಾರೂ ಗಮನಿಸುವುದಿಲ್ಲ. ನಿನ್ನ ಡಬ್ಬಿಗೂ ಸ್ವಿಚ್ಚಿಗೂ ಅದು ಸತ್ತು ಮತ್ತೆ ಹುಟ್ಟಿದ ಹಾಗೆ. ಎದ್ದು ಒಂದನ್ನೊಂದು ಹುಡುಕಿಕೊಳ್ಳುವುದಕ್ಕೆ ಎಂಟು ನಿಮಿಷ ಬೇಕು, ಅಷ್ಟರಲ್ಲಿ ಗಂಟು ಮತ್ತೆ ಕೈಬಿಟ್ಟರೆ ಮತ್ತೆ ಎಂಟು. ನಿನ್ನ ಸ್ವಿಚ್ಚುಗಳಲ್ಲಿ ಏನೂ ದೋಷ ಇಲ್ಲ. ಅವು ನನ್ನ ತಪ್ಪನ್ನು ತೋರಿಸುತ್ತಿದ್ದವು. ಕಾದು ಕಾದು ಒಂದು ದಿನ ಆ ಗಂಟು ಹೊತ್ತಿಕೊಳ್ಳಲೂಬಹುದು. ಅದೂ ನನಗೆ ಗೊತ್ತಿತ್ತು.

ಯಾವಾಗಿನಿಂದ ಗೊತ್ತಿತ್ತು ಎಂದು ಕೇಳುತ್ತೀಯೆ. ಜನವರಿಯಲ್ಲಿ ನಿನ್ನ ಹೊಸ ವಿಳಾಸವನ್ನು ಮೊದಲ ಸಲ ಲಕೋಟೆಯ ಮೇಲೆ ಬರೆದಾಗ ಬ್ಲಾಕು ಯಾವುದು ಎಂದು ಗೊತ್ತಾಯಿತು. ನೀನು ಮೇ ತಿಂಗಳಲ್ಲಿ ಬರೆದಾಗ ಅನುಮಾನ ಬಂತು. ನೋಟ್‌ಬುಕ್ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ನಾನು ಬರದಿದ್ದದ್ದು ಸೊಂಟಕ್ಕಲ್ಲ. ಝಿವ್ಕಾ ಎದುರು, ಆ ಇಪ್ಪತ್ತು ಮನೆಯವರ ಎದುರು, ಇದು ನನ್ನ ಕೆಲಸ ಎಂದು ನಿಲ್ಲಲು ನನ್ನಿಂದಾಗಲಿಲ್ಲ. ಮೊಮ್ಮಗಳಿಗಿಂತ ಮರ್ಯಾದೆ ದೊಡ್ಡದಾಯಿತು ನನಗೆ.

ಏನು ಬೇಕಾದರೂ ಅನ್ನು. ಬರಲೋ ಬೇಡವೋ ಹೇಳು.

ಗಂಚೊ


ರೂಸೆ
ಸೆಪ್ಟೆಂಬರ್ ೨೦, ಸಂಜೆ

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಇದೇ ಡ್ರೈವರ್ ವಾಪಸ್ ತರುತ್ತಾನೆ.

ಮೇನ್ ಆರಿಸಿದ್ದೇನೆ. ಕಾಗದ ಎರಡು ಸಲ ಓದಿದೆ. ನಿನ್ನ ಕಾಗದ ಬಂದ ಬಸ್ಸನ್ನು ನೋಡುತ್ತಿದ್ದೇನೆ. ಅದರಲ್ಲಿ ನಲವತ್ತು ಸೀಟಿದೆ, ಇಳಿದವರು ಒಂಬತ್ತು ಜನ. ಕಾಗದಕ್ಕೆ ಜಾಗ ಸಿಕ್ಕಿತು, ನಿನಗೆ ಸಿಗಲಿಲ್ಲವಾ?

ಬರಲೋ ಬೇಡವೋ ಎಂದು ಕೇಳುತ್ತೀಯಲ್ಲ. ನಾಳೆ ಬೆಳಗ್ಗೆ ಎಂಟರ ಬಸ್ಸಿಗೆ ಬಾ. ಉಳಿ, ಸುತ್ತಿಗೆ, ಡಬ್ಬ ನೀನೇ ತಾ. ಅತ್ತೆಗೂ ಬರಲು ಹೇಳುತ್ತೇನೆ, ಮಗು ಎತ್ತಿಕೊಂಡೇ ಬರಲಿ. ನಿಂತು ನೋಡಲಿ.

ಯಾನಿತ್ಸಾ


ರೂಸೆ
ಅಕ್ಟೋಬರ್ ೨೮

ಅಪ್ಪಾ,

ಐದು ವಾರದಿಂದ ಒಂದು ಸಲವೂ ದೀಪ ತಪ್ಪಿಲ್ಲ. ಮೊನ್ನೆ ಮೆಣಸಿನಕಾಯಿ ಒಲೆ, ಗೀಸರ್, ಇಸ್ತ್ರಿ ಮೂರನ್ನೂ ಬೇಕೆಂದೇ ಒಟ್ಟಿಗೆ ಹಾಕಿ ಮಗುವಿನ ಪಕ್ಕ ಕೂತೆ. ಹಾಲು ತಡವಾಯಿತು ಎಂದು ಅತ್ತಳು, ಮನೆಯೆಲ್ಲ ಮೂರು ಮೂರು ಸಲ ಮಿಟುಕಿತು. ಕೆಲಸ ಚೆನ್ನಾಗಿ ಮಾಡಿದ್ದೀಯೆ. ಇದನ್ನು ಹೇಳಬೇಕಾದದ್ದು ನ್ಯಾಯ, ಹೇಳಿದ್ದೇನೆ.

ಈಗ ಸಿಟ್ಟಿನ ವಿಷಯ. ಅದು ಹೋಗಿಲ್ಲ, ಯಾವುದಕ್ಕೆ ಎಂದು ಮಾತ್ರ ಈಗ ಸರಿಯಾಗಿ ಗೊತ್ತಾಗಿದೆ.

ಆವತ್ತು ನೀನು ಬಾಗಿಲ ಮೇಲೆ ಎರಡು ಗೇಣು ಅಳೆದು ಉಳಿ ಇಟ್ಟೆ. ಮೂರನೇ ಏಟಿಗೆ ಗಾರೆ ಉದುರಿ ಆ ಗಂಟು ಕಂಡಿತು, ಸುಟ್ಟು ಇದ್ದಿಲಾಗಿದ್ದ ಟೇಪು. ಸದ್ದಿಗೆ ಅಕ್ಕಪಕ್ಕದವರು, ಮೇಲಿನವರು, ಕೆಳಗಿನವರು ಎಲ್ಲ ಬಾಗಿಲಲ್ಲಿ ಸೇರಿದರು. ನೀನು ಏಣಿಯ ಮೇಲಿಂದಲೇ ಅವರ ಕಡೆ ತಿರುಗಿ ಮಾತಾಡಲು ಶುರುಮಾಡಿದೆ. ನಿನ್ನ ಮೀಸೆ ಅಲುಗಾಡುವುದು ಕಾಣುತ್ತಿತ್ತು. ಜನರ ಮುಖ ಒಂದೊಂದೇ ಬದಲಾಯಿತು. ಐದನೇ ಮಹಡಿಯ ಮುದುಕ ಟೋಪಿ ತೆಗೆದ, ಯಾಕೆ ಎಂದು ನನಗೆ ತಿಳಿಯಲಿಲ್ಲ. ಒಬ್ಬ ಹೆಂಗಸು ಕೈ ತೋರಿಸಿ ಏನೋ ಕೂಗಿದಳು, ನೀನು ತಲೆ ತಗ್ಗಿಸಿದೆ. ನನ್ನ ಅಪ್ಪ ಜನ್ಮದಲ್ಲಿ ಒಂದೇ ಒಂದು ಸಲ ತಪ್ಪೊಪ್ಪಿಕೊಳ್ಳುತ್ತಿದ್ದಾನೆ, ಸ್ವಿಲೆನ್ ಕೆಲಸಕ್ಕೆ ಹೋಗಿದ್ದ, ಮನೆಯಲ್ಲಿ ಅದು ಗೊತ್ತಾಗದೆ ನಿಂತವಳು ನಾನೊಬ್ಬಳೇ.

ಅತ್ತೆಯ ತೋಳು ಹಿಡಿದೆಳೆದು ಏನಂತೆ, ಏನಂತೆ ಎಂದು ಕೇಳಿದೆ. ಅವರ ಕಂಕುಳಲ್ಲಿ ಮಗು ಇತ್ತು. ನನಗೆ ಹೇಳಬೇಕೆಂದರೆ ಅವರಿಗೆ ಎರಡು ಕೈಯೂ ಬೇಕು. ಮಗುವನ್ನು ನನ್ನ ತೋಳಿಗೆ ಕೊಟ್ಟು ಹೇಳಿದರು. “ಈ ಹುಡುಗಿ ತಪ್ಪಿಲ್ಲ, ದೀಪದ ತಪ್ಪೂ ಇಲ್ಲ ಅಂತಾರೆ ನಿಮ್ಮಪ್ಪ. ಮೂವತ್ತೆಂಟು ವರ್ಷದ ಹಿಂದೆ ಇಪ್ಪತ್ತು ಮನೇಲಿ ಕಳ್ಳ ಕೆಲ್ಸ ಮಾಡ್ದೆ, ಗೊತ್ತಿದ್ದೂ ನನ್ನ ಮಗಳಿಗೆ ಹೇಳ್ಲಿಲ್ಲ ಅಂತಾರೆ. ಇಪ್ಪತ್ತೂ ಮನೆ ಗಂಟು ನಾನೇ ಬಿಚ್ತೀನಿ ಅಂತಾರೆ.” ಹೇಳಿ ಮುಗಿಸಿದ ಮೇಲೆ ಅವರು ಮಗುವನ್ನು ವಾಪಸ್ ಕೇಳಲಿಲ್ಲ. ಚೀಲವನ್ನು ತೊಟ್ಟಿಲ ಹತ್ತಿರ ಇಟ್ಟು ಸೀದಾ ಅಡುಗೆಮನೆಗೆ ಹೋಗಿ ನಿನಗೆ ತಿನ್ನಲು ಚೀಸ್ ತುಂಬಿದ ಬಾನಿತ್ಸಾ ಬಿಸಿ ಮಾಡಿದರು.

ನನ್ನ ಅಪ್ಪನ ಮಾತು ನನಗೆ ಸಿಕ್ಕಿದ್ದು ಅತ್ತೆಯ ಕೈಯಿಂದ. ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೆ, ಗಂಟಿಗಲ್ಲ. ಗಂಟನ್ನು ನಾನು ಕ್ಷಮಿಸಿಯಾಯಿತು.

ಈಗ ನೀನು ಪ್ರತಿ ಶನಿವಾರ ಬರುತ್ತೀಯೆ. ಹನ್ನೊಂದು ಮನೆ ಮುಗಿದಿದೆ. ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಕೂತು, ಜೇಬಿನಿಂದ ಪೆನ್ಸಿಲ್ ತೆಗೆದು, ‘ಉಪ್ಪು ಕೊಡು’ ಎಂದು ಚೀಟಿ ಬರೆದು ನನ್ನ ಕಡೆ ತಳ್ಳುತ್ತೀಯೆ. ಹೋದ ಶನಿವಾರ ಆ ಚೀಟಿಯನ್ನು ಬಿಸೆರಾ ತಿಂದಳು. ನೀನು ನಕ್ಕೆ. ನನಗೆ ನಗು ಬರಲಿಲ್ಲ.

ಇದು ನಾನು ನಿನಗೆ ಬರೆಯುವ ಕೊನೆಯ ಕಾಗದ. ಸಿಟ್ಟಿಗೆ ಹೇಳುತ್ತಿಲ್ಲ, ಯೋಚಿಸಿ ಹೇಳುತ್ತಿದ್ದೇನೆ. ಕಾಗದ ಇರುವ ತನಕ ನೀನು ಕಲಿಯುವುದಿಲ್ಲ. ಚೀಟಿ ಬರೆದರೆ ಇನ್ನು ಮೇಲೆ ಓದುವುದಿಲ್ಲ, ಉಪ್ಪೂ ಸಿಗುವುದಿಲ್ಲ. ಕಿವುಡರ ಸಂಘದಲ್ಲಿ ಶನಿವಾರ ಸಂಜೆ ಐದಕ್ಕೆ ಕೈಭಾಷೆಯ ಪಾಠ ಇದೆ, ನಿನ್ನ ಹೆಸರು ಬರೆಸಿದ್ದೇನೆ. ಕಲಿಸುವವಳು ಇಪ್ಪತ್ತನಾಲ್ಕು ವರ್ಷದವಳು, ಬಹಳ ಜೋರು, ಅರವತ್ತಾರು ವರ್ಷದ ಮುದುಕ ಎಂದು ಬಿಡುವವಳಲ್ಲ. ಅತ್ತೆ ಮೊದಲನೇ ದಿನ ಜೊತೆಗೆ ಬಂದು ಕೂರುತ್ತಾರಂತೆ, ನೀನು ಓಡಿಹೋಗದ ಹಾಗೆ.

ಇನ್ನೊಂದು ಸುದ್ದಿ ಇದೆ. ನಿನ್ನೆ ಬೆಳಗ್ಗೆ ಬಿಸೆರಾ ಮಾತಾಡಿದಳು. ಬಾಯಲ್ಲಲ್ಲ, ಕೈಯಲ್ಲಿ. ಒಂದೇ ಮಾತು, ಸ್ಪಷ್ಟವಾಗಿ, ನನ್ನ ಮುಖ ನೋಡಿಕೊಂಡು. ಸ್ವಿಲೆನ್ ನೋಡಿದ, ಅತ್ತೆ ನೋಡಿ ಅತ್ತರು. ನಿನ್ನೆಯಿಂದ ಹತ್ತು ಸಲ ಹೇಳಿದ್ದಾಳೆ, ಶನಿವಾರ ನೀನು ಬಂದಾಗ ನಿನಗೂ ಹೇಳುತ್ತಾಳೆ.

ಅದು ಏನು ಎಂದು ನಾನು ಬರೆಯುವುದಿಲ್ಲ.

ನಿನ್ನ ಮಗಳು
ಯಾನಿತ್ಸಾ